ಕರಡಿಗೆಗೆ ಹೊಸ ತೂತು

ತಿರುಗುವ ವಸ್ತುಗಳೆಂದರೆ ನನಗೆ ಭಯ. ಗಿರಣಿಯ ಪಟ್ಟಿ, ಹೊಲಿಗೆ ಯಂತ್ರದ ಗಾಲಿ, ಕಬ್ಬಿನ ಹಾಲಿನ ಗಾಣ, ಕೊನೆಗೆ ಮನೆಯ ಮಿಕ್ಸರ್ ಕೂಡ. ಮಿಕ್ಸರಿನ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ನಿಲ್ಲುವ ನನ್ನನ್ನು ನೋಡಿ ಅತ್ತೆ ನಗುತ್ತಾರೆ. ಇಂಥವಳು ಔರಾದಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ವಿದ್ಯುತ್ ಮೋಟಾರು ಹೇಗೆ ತಿರುಗುತ್ತದೆ ಎಂದು ಹಲಗೆಯ ಮೇಲೆ ಚಿತ್ರ ಬರೆದು ಬಾಣದ ಗುರುತು ಹಾಕುತ್ತೇನೆ. ಬಾಣದ ಗುರುತು ಯಾರ ಬೆರಳನ್ನೂ ತಿನ್ನುವುದಿಲ್ಲವಲ್ಲ.

ಭಯಕ್ಕೆ ಕಾರಣವಿದೆ. ನನ್ನ ತವರು ಭಾಲ್ಕಿ. ಅಪ್ಪ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ನಾನು ಆರನೆಯ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ, ಜೋಳ ಸುರಿಯಲು ಬಗ್ಗಿದ ಅಪ್ಪನ ಹೆಗಲ ಮೇಲಿನ ಟವೆಲ್ಲಿನ ತುದಿ ಪಟ್ಟಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಅವರು ಕೈ ಹಾಕಿದರು. ಟವೆಲ್ಲಿನ ಹಿಂದೆ ಕೈಯೂ ಹೋಯಿತು. ಎರಡು ಬೆರಳು ಹೋದವು. ಅವರಿಗೆ ತಂದ ತಿಂಡಿಯ ಡಬ್ಬಿ ಹಿಡಿದು ನಾನು ಬಾಗಿಲಲ್ಲೇ ನಿಂತಿದ್ದೆ. ರಕ್ತಕ್ಕಿಂತ ಹೆಚ್ಚಾಗಿ ನನಗೆ ನೆನಪಿರುವುದು, ಆಮೇಲೂ ತಿರುಗುತ್ತಲೇ ಇದ್ದ ಆ ಪಟ್ಟಿ ಮತ್ತು ಅದಕ್ಕೆ ಸುತ್ತಿಕೊಂಡು ಪಟಪಟನೆ ಬಡಿಯುತ್ತಿದ್ದ ಟವೆಲ್ಲಿನ ಚೂರು. ಅಪ್ಪ ಮುಂದೆ ಎಷ್ಟೋ ವರ್ಷ ಅದೇ ಗಿರಣಿ ನಡೆಸಿದರು. ಟವೆಲ್ ಮಾತ್ರ ಮತ್ತೆ ಹಾಕಲಿಲ್ಲ.

ಹಾವು ಕಚ್ಚಿಸಿಕೊಂಡವರ ಮಗಳು ಹಗ್ಗ ಕೊಂಡು ತಂದಂತೆ, ನಾನೇ ಒಂದು ಡ್ರಿಲ್ ತರಿಸಿದೆ. ಶಾಲೆಯ ಮಾದರಿಗಳಿಗೆ ಹಲಗೆಯಲ್ಲಿ, ತಗಡಿನಲ್ಲಿ ಸಣ್ಣ ಸಣ್ಣ ತೂತು ಬೇಕಾಗುತ್ತಿದ್ದವು. ಒಂದೊಂದಕ್ಕೂ ಬಡಗಿಯ ಅಂಗಡಿಗೆ ಅಲೆದು ಸಾಕಾಗಿತ್ತು. ಕೈಯಲ್ಲಿ ಹಿಡಿಯುವ ಪುಟ್ಟ ರೋಟರಿ ಯಂತ್ರ ಅದು, ಬಾಳೆಹಣ್ಣಿನಷ್ಟು ಗಾತ್ರ. ಗಾತ್ರ ನೋಡಿ ಮೋಸಹೋದೆ. ಗುಂಡಿ ಒತ್ತಿದೊಡನೆ ಅದು ಕಿರುಚುತ್ತಿತ್ತು. ತಗಡಿಗೆ ಮುಟ್ಟಿಸಿದರೆ ತೂತು ಕೊರೆಯುವ ಅದರ ಉಕ್ಕಿನ ಮೊನೆ, ಅಂದರೆ ಬಿಟ್ಟು, ಜಾರಿ ತನಗೆ ಬೇಕಾದ ಕಡೆ ಓಡುತ್ತಿತ್ತು. ಎರಡನೆಯ ದಿನವೇ ಮೊದಲ ಬಿಟ್ಟು ಮುರಿದು ಕನ್ನಡಕಕ್ಕೆ ಬಡಿಯಿತು. ಅಂದು ನಾನು ಅದನ್ನು ಡಬ್ಬಿಗೆ ತುಂಬಿ, ಡಬ್ಬಿಯ ಮೇಲೆ ಅಕ್ಕಿಯ ಡಬ್ಬಿ ಇಟ್ಟೆ.

ನನ್ನ ಗಂಡನೇ ಹುಡುಕಿ ಅದಕ್ಕೊಂದು ಸ್ಟ್ಯಾಂಡ್ ತರಿಸಿದರು. ಒಂದು ಪೀಠ, ಒಂದು ಕಂಬ, ಯಂತ್ರವನ್ನು ನೇರವಾಗಿ ಕಚ್ಚಿ ಹಿಡಿಯುವ ಬಳೆ, ಪಕ್ಕದಲ್ಲಿ ಒಂದು ಹಿಡಿಕೆ. ಹಿಡಿಕೆ ಎಳೆದರೆ ಯಂತ್ರ ನೆಟ್ಟಗೆ ಕೆಳಗಿಳಿಯುತ್ತದೆ. ಬಿಟ್ಟರೆ ಸ್ಪ್ರಿಂಗು ಅದನ್ನು ಮೇಲಕ್ಕೆ ಎತ್ತುತ್ತದೆ. ಕೈ ಬಿಟ್ಟರೆ ಅಪಾಯವೂ ದೂರವಾಗುತ್ತದೆ ಎಂಬ ಒಂದೇ ಕಾರಣಕ್ಕೆ ನನಗೆ ಅದು ಹಿಡಿಸಿತು. ಬೀದರಿನ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಅದನ್ನು ಹಲಗೆಗೆ ಬಿಗಿದೆ. ಕಂಬ ಸ್ವಲ್ಪ ಅಲುಗಾಡುತ್ತಿತ್ತು. ಸಂದಿಗೆ ಮಡಚಿದ ಕಾಗದ ತುರುಕಿದೆ. ನನ್ನ ನಿಯಮಗಳೂ ಆದವು. ಸೆರಗು ಸೊಂಟಕ್ಕೆ, ಕೈಬಳೆ ತೆಗೆದು ಕಿಟಕಿಗೆ, ತಾಳಿ ರವಿಕೆಯೊಳಗೆ, ತೂತು ಬೀಳಬೇಕಾದ ವಸ್ತು ಶಿಕಂಜಿಗೆ. ಶಿಕಂಜಿ ಎಂದರೆ ವಸ್ತುವನ್ನು ಕಬ್ಬಿಣದ ಎರಡು ದವಡೆಗಳಲ್ಲಿ ಬಿಗಿದು ಹಿಡಿಯುವ ಪುಟ್ಟ ಸಾಧನ. ಬಟ್ಟೆಯ ಒಂದು ಎಳೆಯೂ ಹತ್ತಿರ ಸುಳಿಯಬಾರದು, ಇದು ಎಲ್ಲಕ್ಕಿಂತ ದೊಡ್ಡ ನಿಯಮ. ಬರಿಗೈ ನೋಡಿ ಅತ್ತೆ ಗೊಣಗಿದರು. ಮುತ್ತೈದೆ ಬರಿಗೈಯಲ್ಲಿ ಕೂರುವುದು ಯಾವ ಸೀಮೆಯ ವಿಜ್ಞಾನ ಎಂದು ಕೇಳಿದರು. ಬೆರಳಿದ್ದರೆ ತಾನೆ ಬಳೆಗೆ ಬೆಲೆ ಎಂದೆ. ನನ್ನ ಬಾಯಿ ಯಾವಾಗಲೂ ನನಗಿಂತ ಧೈರ್ಯವಂತೆ.

ಅತ್ತೆ ನಿಷ್ಠೆಯ ಲಿಂಗವಂತೆ. ಸ್ನಾನವಾದ ಮೇಲೆ ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡದೆ ಅವರು ಒಂದು ಗುಟುಕು ನೀರೂ ಕುಡಿಯುವುದಿಲ್ಲ. ಪೂಜೆ ಮುಗಿದು ಲಿಂಗ ಮತ್ತೆ ಕರಡಿಗೆಯೊಳಗೆ ಕೂತು, ಕರಡಿಗೆ ಶಿವದಾರದಲ್ಲಿ ಕೊರಳಿಗೆ ಬಂದ ಮೇಲೆಯೇ ಊಟ. ಆ ಬೆಳ್ಳಿಯ ಕರಡಿಗೆ ಅವರ ತವರಿನದು. ಅದರ ಎರಡೂ ಬದಿಗೆ ದಾರ ಪೋಣಿಸುವ ಕಿವಿಗಳಿವೆ. ನನಗೂ ಚಿಕ್ಕಂದಿನಲ್ಲಿ ಲಿಂಗ ಕಟ್ಟಿದ್ದರು. ನನ್ನದು ದೇವರ ಗೂಡಿನಲ್ಲಿ ಬಟ್ಟೆಯಲ್ಲಿ ಸುತ್ತಿ ಕೂತಿದೆ. ಬಸ್ಸು, ಶಾಲೆ, ಅವಸರ ಎಂದು ನಾನು ಹೇಳುವ ನೆಪಗಳನ್ನು ಅತ್ತೆ ಒಮ್ಮೆಯೂ ಪ್ರಶ್ನಿಸಿಲ್ಲ.

ಕರಡಿಗೆಯ ಒಂದು ಕಿವಿಯ ತೂತು ದಾರದ ಉಜ್ಜಾಟಕ್ಕೆ ಸವೆದು ಸವೆದು ಅಂಚಿಗೆ ಬಂದಿತ್ತು. ಭಾಲ್ಕಿಯಲ್ಲಿ ನನ್ನ ತವರಿನ ಪರಿಚಯದ ಅಕ್ಕಸಾಲಿಗನಿಗೆ ತೋರಿಸಲು ಇಬ್ಬರೂ ಹೋದೆವು. ಮದುವೆಯ ದಿನಗಳು, ಕೆಲಸ ಬಹಳ ಇದೆ, ಮೂರು ದಿನ ಇಟ್ಟು ಹೋಗಿ ಎಂದ. ತಮ್ಮ ಕರಡಿಗೆ ಮಂದಿಯ ಪೆಟ್ಟಿಗೆಯಲ್ಲಿ ಮಲಗುವುದು ಬೇಡ ಎಂದು ಅತ್ತೆ ಎದ್ದೇಬಿಟ್ಟರು. ವಾಪಸು ಬರುವಾಗ ಹಲಬರ್ಗಾ ದಾಟಿದ ಮೇಲೆ ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ಸವೆದ ಅಂಚು ಹರಿದು ದಾರ ಕಳಚಿತು. ಕರಡಿಗೆ ಅತ್ತೆಯ ಮಡಿಲಿಗೆ ಬಿತ್ತು. ಲಿಂಗ ನೆಲಕ್ಕೆ ಬೀಳುವುದಕ್ಕಿಂತ ದೊಡ್ಡ ಅಪಚಾರ ಅತ್ತೆಗೆ ಇನ್ನೊಂದಿಲ್ಲ. ಅವರು ಎರಡೂ ಕೈಯಿಂದ ಅದನ್ನು ಎದೆಗೆ ಒತ್ತಿಕೊಂಡು ಕೂತರು. ಮನೆಗೆ ಬಂದ ಮೇಲೂ ಹಾಗೇ ಕೂತರು, ಏನೂ ತಿನ್ನಲಿಲ್ಲ. ಸಕ್ಕರೆ ಕಾಯಿಲೆಯ ಜೀವ. ಮಧ್ಯಾಹ್ನದ ಹೊತ್ತಿಗೆ ಬೆವತು, ಕೈ ನಡುಗಿ, ಮಾತು ತೊದಲತೊಡಗಿತು. ಕೊನೆಗೆ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿ, ಕಾಡಿ ಬೇಡಿ ಬೆಲ್ಲದ ನೀರು ಕುಡಿಸಿದೆವು. ಅದಕ್ಕೆ ಮೊದಲು ನಾನು ಅಷ್ಟು ಹೆದರಿದ್ದು ಅಪ್ಪನ ಬೆರಳು ಹೋದ ದಿನ ಮಾತ್ರ.

ಮರುದಿನ ಅವರೇ ಕೇಳಿದರು.

"ಆ ತೂತಿನ ಯಂತ್ರ ಅದಲ್ಲ ನಿನ್ನ ಹಂತ್ಯಾಕ. ಕಿವಿ ಬುಡದಾಗ ಇನ್ನಾ ಗಟ್ಟಿ ಬೆಳ್ಳಿ ಅದ. ಅಲ್ಲಿ ಒಂದು ತೂತು ಹಾಕು."

ನನ್ನ ಕೈಯಲ್ಲಿ ಆಗುವುದಿಲ್ಲ ಎಂದೆ. ಕಿವಿ ಮುರಿದರೆ, ಕರಡಿಗೆಗೆ ಬಿಟ್ಟು ಹೊಕ್ಕರೆ ಏನು ಗತಿ ಎಂದೆ. ಅತ್ತೆ ಕೇಳಲಿಲ್ಲ. ಭಾನುವಾರದವರೆಗೆ ಲಿಂಗ ವಸ್ತ್ರದಲ್ಲೇ ಇರಲಿ, ಭಾನುವಾರ ಪೂಜೆಯಾದೊಡನೆ ಮಾಡು, ಅಂದು ಕರಡಿಗೆ ಕೊರಳಿಗೆ ಬಂದ ಮೇಲೆಯೇ ಉಣ್ಣುತ್ತೇನೆ ಎಂದರು. ಅಂದರೆ ಕೆಲಸ ಕೆಟ್ಟರೆ ಅವರು ಉಣ್ಣುವುದಿಲ್ಲ. ಅದನ್ನು ಬೇರೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾಲ್ಕು ದಿನ ಔರಾದಿನಿಂದ ಬಂದವಳೇ ಪಡಸಾಲೆಗೆ ಹೋಗುತ್ತಿದ್ದೆ. ಎಣ್ಣೆಯ ಡಬ್ಬಿಯ ಮುಚ್ಚಳ, ಹಳೆಯ ತಾಮ್ರದ ತಗಡು, ಕೊನೆಗೆ ನನ್ನದೇ ಮುರಿದ ಕಾಲುಂಗುರದ ತುಂಡು, ಎಲ್ಲದರಲ್ಲೂ ತೂತು ಹಾಕಿ ಕಲಿತೆ. ಮೊಳೆಯಿಂದ ಮೊದಲು ಚುಕ್ಕೆ ಒತ್ತಬೇಕು, ಇಲ್ಲವಾದರೆ ಬಿಟ್ಟು ಜಾರುತ್ತದೆ. ವೇಗ ಕಡಿಮೆ ಇರಬೇಕು. ಒಂದು ಹನಿ ಕೊಬ್ಬರಿ ಎಣ್ಣೆ ಹಾಕಬೇಕು. ಹಿಡಿಕೆಯನ್ನು ಎಳೆಯಬಾರದು, ಇಳಿಯಲು ಬಿಡಬೇಕು. ತೂತು ಆಚೆ ಬದಿಗೆ ಬೀಳುವ ಕೊನೆಯ ಗಳಿಗೆಯಲ್ಲಿ ಬಿಟ್ಟು ಲೋಹವನ್ನು ಕಚ್ಚಿ ಎತ್ತುತ್ತದೆ. ಅದೇ ಕೆಟ್ಟ ಗಳಿಗೆ. ನಾಲ್ಕು ದಿನಕ್ಕೆ ಐದು ಬಿಟ್ಟು ಮುರಿದವು. ಕಾಲುಂಗುರದ ತೂತು ಮಾತ್ರ ಚೆನ್ನಾಗಿ ಬಿತ್ತು.

ಭಾನುವಾರ ಬೆಳಿಗ್ಗೆ ಅತ್ತೆ ವಿಭೂತಿ ಧರಿಸಿ, ಪೂಜೆ ಮುಗಿಸಿ, ಲಿಂಗವಿದ್ದ ಎಡಗೈಯನ್ನು ಮಡಚಿಕೊಂಡು ಪಡಸಾಲೆಗೆ ಬಂದು ನನ್ನ ಎದುರು ಮಣೆಯ ಮೇಲೆ ಕೂತರು. ನಾನು ಶಿಕಂಜಿಯ ದವಡೆ ಅಗಲಿಸಿದೆ. ಅದನ್ನು ನೋಡಿ ಅವರ ಮುಖ ಸಣ್ಣದಾಯಿತು.

"ಕಬ್ಬಿಣದಾಗ ಹಾಕಿ ಹಿಚುಕ್ತೀ? ದೇವರು ಇರೋ ಜಾಗ ಅದು. ನಾ ಹಿಡಿತೇನಿ."

ಕೈಯಲ್ಲಿ ಹಿಡಿಯುವುದು ಬೇಡವೇ ಬೇಡ ಎಂದೆ. ಹಾಗಾದರೆ ಮಡಿಬಟ್ಟೆ ಸುತ್ತಿ ಇಡು ಎಂದರು. ಒಗೆದು ಒಣಗಿಸಿದ ಬಿಳಿ ವಸ್ತ್ರವನ್ನು ತಂದೇ ಇದ್ದರು. ಇಲ್ಲಿ ನಾನು ಮಾಡಿದ ತಪ್ಪನ್ನು ಯಾವ ಕಾರ್ಖಾನೆಯವನೂ ಮಾಡಲಾರ. ನನ್ನ ನಿಯಮ ನನಗೆ ಗೊತ್ತಿತ್ತು, ಅಪ್ಪನ ಟವೆಲ್ ಗೊತ್ತಿತ್ತು. ಆದರೂ ದೇವರ ಪೀಠಕ್ಕೆ ಕಬ್ಬಿಣ ಕಚ್ಚಿಸುವ ಪಾಪ ನನಗೂ ಬೇಡವಾಗಿತ್ತು. ಕರಡಿಗೆಗೆ ವಸ್ತ್ರ ಸುತ್ತಿ, ಕಿವಿ ಮಾತ್ರ ಹೊರಗೆ ಬಿಟ್ಟು, ಸ್ಟ್ಯಾಂಡಿನ ಪೀಠದ ಮೇಲೆ ಇಟ್ಟೆ. ವಸ್ತ್ರದ ತುದಿಯನ್ನು ಅತ್ತೆ ಬಲಗೈಯಲ್ಲಿ ಬಿಗಿಯಾಗಿ ಹಿಡಿದರು. ಬಟ್ಟೆಯಲ್ಲವೆ, ಕೈಯಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಗುಂಡಿ ಒತ್ತಿದೆ.

ಬಿಟ್ಟು ಇಳಿಯಿತು. ಬೆಳ್ಳಿಯ ಒಂದು ಸಣ್ಣ ಸುರುಳಿ ಎದ್ದಿತು. ಕರಡಿಗೆ ಬಟ್ಟೆಯೊಳಗೆ ತುಸು ಹೊರಳಿತು, ವಸ್ತ್ರದ ಒಂದು ಎಳೆ ಬಿಟ್ಟಿಗೆ ತಾಗಿತು. ಆಮೇಲೆ ಏನೂ ನನ್ನ ಕೈಯಲ್ಲಿ ಇರಲಿಲ್ಲ. ಬಟ್ಟೆ ಸರ್ರನೆ ಸುತ್ತಿಕೊಂಡಿತು, ಕರಡಿಗೆ ಹಾರಿ ಕಂಬಕ್ಕೆ ಬಡಿಯಿತು, ವಸ್ತ್ರದ ಜೊತೆಗೆ ಅತ್ತೆಯ ಬಲಗೈ ಮುಂದಕ್ಕೆ ಹೋಯಿತು. ನಾನು ಹಿಡಿಕೆ ಬಿಟ್ಟೆ. ಸ್ಪ್ರಿಂಗು ಯಂತ್ರವನ್ನು ಎತ್ತಿತು, ಬಟ್ಟೆಯನ್ನೂ ಎತ್ತಿತು. ಕೈ ಬಿಟ್ಟರೆ ಅಪಾಯ ದೂರವಾಗುತ್ತದೆ ಎಂದುಕೊಂಡಿದ್ದೆನಲ್ಲ, ಅದು ಅತ್ತೆಯ ಕೈಯನ್ನೂ ಎಳೆದುಕೊಂಡು ಮೇಲೆ ಹೋಯಿತು. ಬಿಡ್ರಿ, ಬಟ್ಟಿ ಬಿಡ್ರಿ ಎಂದು ಹೇಳಬೇಕೆಂದರೆ ನಾಲಿಗೆ ಹೊರಳಲಿಲ್ಲ. ನಾನು ಮತ್ತೆ ಆರನೆಯ ತರಗತಿಯ ಹುಡುಗಿಯಾಗಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆ ಹುಡುಗಿ ಅಂದು ಏನೂ ಮಾಡಿರಲಿಲ್ಲ. ಇಂದು ಹೇಗೋ ಅವಳ ಕೈ ಯಂತ್ರದ ವಿದ್ಯುತ್ ತಂತಿಗೆ ಹೋಯಿತು, ಪ್ಲಗ್ ಕಿತ್ತು ಬಂತು.

ಯಂತ್ರ ನಿಂತಿತು. ಅತ್ತೆಯ ತೋರುಬೆರಳಿಗೂ ಬಿಟ್ಟಿಗೂ ನಡುವೆ ಒಂದು ಜೋಳದ ಕಾಳಿನಷ್ಟು ಜಾಗವಿತ್ತು. ಬೆರಳಿನ ಸುತ್ತ ಬಟ್ಟೆ ಬಿಗಿದು ಚರ್ಮ ಕೆಂಪಾಗಿತ್ತು. ನಾನು ಕತ್ತರಿಯಿಂದ ವಸ್ತ್ರ ಕತ್ತರಿಸಿ ಬಿಡಿಸುತ್ತಿದ್ದರೆ, ಅವರು ಬಲಗೈಯ ಕಡೆ ನೋಡಲೇ ಇಲ್ಲ. ಎಡಗೈ ಮುಷ್ಟಿ ಬಿಗಿದೇ ಇತ್ತು. ಮೆಲ್ಲಗೆ ಅದನ್ನು ಬಿಡಿಸಿ ನೋಡಿದರು. ಲಿಂಗ ಅಂಗೈಯಲ್ಲಿ ಇತ್ತು. ಆಮೇಲೆಯೇ ಅವರು ಉಸಿರು ಬಿಟ್ಟದ್ದು.

ನಾನು ಅಳುತ್ತಿದ್ದೆ. ಇನ್ನು ಸಾಕು, ಅಕ್ಕಸಾಲಿಗನ ಕಡೆಗೇ ಹೋಗೋಣ, ಇವತ್ತು ವಸ್ತ್ರದಲ್ಲೇ ಕಟ್ಟಿಕೊಂಡು ಊಟ ಮಾಡಿ ಎಂದು ಕಾಲು ಮುಟ್ಟಿ ಬೇಡಿದೆ. ಅವರು ಚಿಂದಿಯಾದ ವಸ್ತ್ರವನ್ನು ಪಕ್ಕಕ್ಕೆ ಸರಿಸಿ, ಕರಡಿಗೆಯನ್ನು ಬರಿಗೈಯಿಂದ ಎತ್ತಿ ಶಿಕಂಜಿಯ ದವಡೆಯ ನಡುವೆ ತಾವೇ ಇಟ್ಟರು.

"ಬಟ್ಟಿ ಸುತ್ತು ಅಂದಾಕಿ ನಾನ. ನಂದ ತಪ್ಪು. ದೇವರು ಇಲ್ಲಿ ಹಾನ, ನನ್ನ ಕೈಯಾಗ. ಅದು ಖಾಲಿ ಬೆಳ್ಳಿ ಅದ. ಹಿಚುಕು."

ಎರಡು ಕಡೆ ತೆಳು ಹಲಗೆ ಇಟ್ಟು ತಿರುಪು ಬಿಗಿದೆ. ಅತ್ತೆಯನ್ನು ಬಾಗಿಲಾಚೆ ಕೂರಿಸಿದೆ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಹಿಡಿಕೆ ಇಳಿಸಿದೆ. ಎಣ್ಣೆ ಕಪ್ಪಾಯಿತು, ಸುರುಳಿ ಎದ್ದಿತು. ಕೊನೆಯ ಗಳಿಗೆ ಬಂದಾಗ ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಒಂದು ಸಣ್ಣ ಕಟಕ್. ಬಿಟ್ಟು ಆಚೆಗೆ ದಾಟಿತ್ತು. ಕಿವಿ ಉಳಿದಿತ್ತು.

ಅಂಚು ನುಣುಪು ಮಾಡಿ, ತೊಳೆದು ಒರೆಸಿ ಕೊಟ್ಟೆ. ಅತ್ತೆ ಹೊಸ ತೂತಿಗೆ ದಾರ ಪೋಣಿಸಿ ಗಂಟು ಹಾಕಿದರು, ಲಿಂಗ ಒಳಗಿಟ್ಟು ಕೊರಳಿಗೆ ಹಾಕಿಕೊಂಡರು. ಕಿವಿಯ ಪಕ್ಕದಲ್ಲಿ ಮೊದಲ ಸಲ ಹಾರಿದಾಗ ಬಿದ್ದ ಒಂದು ಉದ್ದದ ಗೀರಿತ್ತು. ಅದನ್ನು ಸಂಜೆ ಉಜ್ಜಿ ತೆಗೆಯುತ್ತೇನೆ ಎಂದೆ. ಅವರು ಗೀರಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇರ್ಲಿ ಬಿಡು. ನಾ ಹೋಗೋ ದಿನ ಲಿಂಗ ನನ್ನ ಅಂಗೈಯಾಗ ಮಣ್ಣಿಗಿ ಬರ್ತದ. ಕರಡಗಿ ಇಲ್ಲೇ ಉಳೀತದ. ನಿನ್ನ ಕೊರಳಿಗಿ ಬಂದಾಗ ಗುರ್ತಿಗಿ ಒಂದು ಗೀರು ಇರ್ಲಿ."

ತಾವು ಉಣ್ಣಲಿಕ್ಕಾಗಿ ಅವರು ತೂತು ಹಾಕಿಸಿದರು ಎಂದುಕೊಂಡಿದ್ದೆ. ಆ ಬಿಟ್ಟಿಗೆ ಹೆದರಿದ್ದೆ, ಅವರ ಬೆರಳಿಗೆ, ಸಕ್ಕರೆಗೆ, ಉಪವಾಸಕ್ಕೆ ಹೆದರಿದ್ದೆ. ಅವರಿಲ್ಲದ ಒಂದು ಬೆಳಿಗ್ಗೆ ಈ ಮನೆಗೆ ಬರಬಹುದು ಎಂದು ಮಾತ್ರ ಅಲ್ಲಿಯವರೆಗೆ ನಾನು ಹೆದರಿಯೇ ಇರಲಿಲ್ಲ. ಒಳಗೆ ಹೋಗಿ ರೊಟ್ಟಿ ಬಡಿಸಿದೆ. ಎರಡು ರೊಟ್ಟಿ ಉಂಡು, ಪಲ್ಯಕ್ಕೆ ಉಪ್ಪು ಕಡಿಮೆ ಎಂದರು.

ಸ್ಟ್ಯಾಂಡ್ ಇನ್ನೂ ಪಡಸಾಲೆಯಲ್ಲಿದೆ; ನನ್ನ ಭಯವೂ ಇದೆ. ದಿನಾ ಔರಾದಿನ ಬಸ್ಸಿಗೆ ಹೊರಡುವ ಮುಂಚೆ ಅತ್ತೆಯ ಕೊರಳಿನ ದಾರವನ್ನು ಒಮ್ಮೆ ಎಳೆದು ನೋಡುತ್ತೇನೆ. ಗಟ್ಟಿ ಅದನಾ ಎಂದು ಅವರು ಕೇಳುತ್ತಾರೆ. ಇನ್ನೂ ಭಾಳ ದಿನ ಬರ್ತದ್ರಿ ಎನ್ನುತ್ತೇನೆ.