ಸೋರುವ ಟೀಪಾಟು

ಪಾಟರಿ ಟೌನಿನ ಯಂಕಮ್ಮನ ಗಂಡ ಮುನಿವೆಂಕಟಪ್ಪ ತೀರಿಕೊಂಡು ಎರಡು ವರ್ಷವಾಗಿದ್ದರೂ ದಿನಾ ಬೆಳಿಗ್ಗೆ ಮನೆಗೆ ಬಂದುಹೋಗುತ್ತಿದ್ದ. ಕುಂಬಾರನಾಗಿದ್ದ ಅವನೇ ತಿಗರಿಯಲ್ಲಿ ಎತ್ತಿದ, ಮೆರುಗು ಹಚ್ಚದ ಟೀಪಾಟಿಗೆ ಅವಳು ಬರೀ ಬಿಸಿನೀರು ಸುರಿಯುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದರೆ ಶುಂಠಿ, ಲವಂಗ, ಕಡುಟೀ ಬೆರೆತ ಗಂಡನ ವಾಸನೆ ಅಡುಗೆಮನೆ ತುಂಬುತ್ತಿತ್ತು.

ಮುನಿವೆಂಕಟಪ್ಪ ಮಹಾ ಮೊಂಡ. ಮಡಕೆ ಸುಡಲು ಬೀದಿಯವರೆಲ್ಲ ಕರೆಂಟ್ ಆವಿಗೆ ಹಾಕಿಸಿಕೊಂಡರೂ ಅವನದು ಸೌದೆ ಆವಿಗೆಯೇ, ಕೆರೆಮಣ್ಣೇ. ಈ ಮಣ್ಣಿಗೆ ಎಂಟುನೂರು ಡಿಗ್ರಿ ಕಾವು ಸಾಕು, ಹೆಚ್ಚಾದರೆ ಮೈಯ ಸಣ್ಣ ತೂತೆಲ್ಲ ಮುಚ್ಚಿಹೋಗುತ್ತವೆ ಅನ್ನುವುದು ಅವನ ಹಟ. "ಮಣ್ಣೂ ನನ್ ಜೊತೆ ಟೀ ಕುಡೀಲಿ ಬಿಡೇ" ಎಂದು ನಗುತ್ತಿದ್ದ. ಮಣ್ಣು ವರ್ಷಗಟ್ಟಲೆ ಕುಡಿಯಿತು. ಅದಕ್ಕೆ ಸೋಪು ತಾಗಿಸಲು ಅವನು ಯಾರಿಗೂ ಬಿಡಲಿಲ್ಲ.

ಈಗ ಆ ಟೀಪಾಟಿನ ತಳ ಸೋರುತ್ತಿತ್ತು. ಮಗಳು ಹಂಸಳಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಚಿತೆಯ ಸುತ್ತ ನೀರು ಸುರಿಸುತ್ತ ತಿರುಗುವ ತೂತಿನ ಕೊಡಗಳು ಹೋಗುತ್ತಿದ್ದುದು ಇವರ ಮನೆಯಿಂದಲೇ. ಅವಳಪ್ಪನ ಚಿತೆಗೂ ಅಲ್ಲಿಂದಲೇ ಹೋಗಿತ್ತು.

"ಸೋರೋದು ಸ್ಮಶಾನದ ಮಡಕೆ ಕಣಮ್ಮ. ಮನೇಲಿ ಯಾಕೆ ಇಟ್ಕೊಂಡಿದೀಯ?"

"ಅದ್ರಲ್ಲಿ ನಿಮ್ಮಪ್ಪ ಅವ್ರೆ."

"ನಂಗೇನೂ ವಾಸನೆ ಬರಲ್ಲ. ಬರೀ ಬಿಸಿನೀರು."

ಯಂಕಮ್ಮನಿಗೆ ಹೆದರಿಕೆಯಾಗುತ್ತಿತ್ತು. ವಾಸನೆ ತೆಳುವಾಗುತ್ತಿದ್ದುದು ಅವಳಿಗೂ ಗೊತ್ತಿತ್ತು. ತಾನೇ ದಿನಾ ನೀರು ಸುರಿದು ಗಂಡನನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಕಳಿಸುತ್ತಿದ್ದೇನೆ ಅನ್ನಿಸಿದರೂ ಸುರಿಯದೆ ಇರಲಾಗುತ್ತಿರಲಿಲ್ಲ.

ತಂಗಿಯ ಮೊಮ್ಮಗಳ ನಾಮಕರಣಕ್ಕೆಂದು ಅವಳು ಕೆ.ಆರ್. ಪುರಕ್ಕೆ ಹೋಗಿ ಎರಡು ದಿನ ಉಳಿದಳು. ಇತ್ತ ಹಂಸ ಇಂದಿರಾನಗರದ ಕೆಫೆಗೆ ಕೊಡಬೇಕಿದ್ದ ಟೀಪಾಟುಗಳನ್ನು, ಅಪ್ಪ ಹೋದ ಮೇಲೆ ತಾನು ಹಾಕಿಸಿದ್ದ ಕರೆಂಟ್ ಆವಿಗೆಗೆ ತುಂಬುತ್ತಿದ್ದಳು. ಮೂಲೆಯಲ್ಲಿ ಒಂದಕ್ಕೆ ಜಾಗ ಉಳಿಯಿತು. ಬೇರೆಯವರಾಗಿದ್ದರೆ ಸೋರುವ ಪಾತ್ರೆಯನ್ನು ಎಸೆಯುತ್ತಿದ್ದರು. ಇವಳು ಕುಂಬಾರರ ಮಗಳು, ಇನ್ನೊಮ್ಮೆ ಸುಟ್ಟರೆ ಗಟ್ಟಿಯಾಗುತ್ತದೆಂದು ಅದನ್ನೂ ಒಳಗಿಟ್ಟಳು.

ಅಮ್ಮ ಬಂದೊಡನೆ ಅವಳ ಮುಂದೆ ಟೀಪಾಟು ತಂದಿಟ್ಟಳು. ಅದರ ಕೆಂಪು ಗಾಢವಾಗಿತ್ತು. ತಟ್ಟಿದರೆ ಕಂಚಿನ ಹಾಗೆ ಠಣ್ ಎನ್ನುತ್ತಿತ್ತು.

"ಸಾವಿರದ ಐವತ್ತು ಡಿಗ್ರಿ ಕಾವು ಕೊಟ್ಟೆ. ಇನ್ನು ಸೋರಲ್ಲಮ್ಮ."

ಯಂಕಮ್ಮ ನೀರು ಕಾಯಿಸಿ ಸುರಿದಳು. ಕಾದಳು. ಮುಚ್ಚಳ ತೆಗೆದು ಬಗ್ಗಿ ಮೂಸಿದಳು. ಬರೀ ಹಬೆ. ತಳ ಒಣಗಿಯೇ ಇತ್ತು.

"ಒಂದ್ಸಲ ಸುಟ್ಟಿದ್ದು ಸಾಲ್ದಾಗಿತ್ತೇನೇ?"

ಹಂಸಳ ಮುಖ ಬಿಳುಚಿಕೊಂಡಿತು.

"ಆವಿಗೆ ಬಿಸಿಯಾಗ್ತಾ ಶುಂಠಿ ವಾಸನೆ ಬಂತಮ್ಮ. ಆಮೇಲೆ ಲವಂಗ. ಅಪ್ಪ ಹಿಂದೆ ಬಂದು ನಿಂತಂಗಾಯ್ತು. ತಿರುಗಿ ನೋಡ್ಬಿಟ್ಟೆ."

ಯಂಕಮ್ಮ ಮಗಳ ಕೈ ಹಿಡಿದುಕೊಂಡಳು. ಅವಳಿಗೆ ಕೋಪ ಇರಲಿಲ್ಲ, ಹೊಟ್ಟೆಕಿಚ್ಚಿತ್ತು.

"ಎಷ್ಟೊತ್ತಿದ್ರು?"

"ಗೊತ್ತಿಲ್ಲಮ್ಮ. ಭಯ ಆಗಿ ಕಿಟಕಿ ತೆಗ್ದುಬಿಟ್ಟೆ."