ಗಾಳಿ ತಿಂದ ಕಲ್ಲು

ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಪುಕ್ಕಲಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವಳು ಸ್ವಂತ ತಂಗಿ. ಮನೆಯ ಪಾಲಿನ ಹೆದರಿಕೆಯನ್ನೆಲ್ಲ ಅಕ್ಕನೇ ಮೊದಲು ಹುಟ್ಟಿ ಬಾಚಿಕೊಂಡಿದ್ದರಿಂದ ತಂಗಿಗೆ ಏನೂ ಉಳಿದಿರಲಿಲ್ಲ.

ಇಬ್ಬರದೂ ಒಂದೇ ಕೆಲಸ. ನೆಲದಾಳದಿಂದ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ಗರಗಸಕ್ಕೆ ಕೊಟ್ಟು ಉದ್ದಕ್ಕೆ ಸೀಳಬೇಕು, ಅರ್ಧವನ್ನು ಪುಡಿ ಮಾಡಿ ಚೀಲಕ್ಕೆ ತುಂಬಬೇಕು, ಉಳಿದರ್ಧವನ್ನು ತಟ್ಟೆಗಳಲ್ಲಿ ಜೋಡಿಸಬೇಕು. ಕೋಲಿನ ತುಂಬ ಕಪ್ಪು ಪದರ, ಬೂದು ಪದರ, ಮತ್ತೆ ಕಪ್ಪು. ಎಂದೋ ಭೂಮಿಯೊಳಗೆ ಕರಗಿ ನಿಂತಿದ್ದ ಕಲ್ಲು ನಿಧಾನವಾಗಿ ಆರುವಾಗ ಭಾರದ ಹರಳುಗಳು ತಳ ಸೇರಿ ಹೀಗೆ ಹಾಸುಹಾಸಾಗಿ ಕೂತವು ಎಂದು ಮೇಷ್ಟ್ರು ಹೇಳುತ್ತಿದ್ದರು. ಮೇಷ್ಟ್ರು ಎಂದರೆ ಅಲ್ಲಿನ ಭೂವಿಜ್ಞಾನಿ. ಯಾರು ಕೇಳಲಿ ಬಿಡಲಿ, ಅವರ ಪಾಠ ನಿಲ್ಲುತ್ತಿರಲಿಲ್ಲ. ಆ ಪದರಗಳ ನಡುವೆ ಒಂದು ಕಡೆ ಹಿತ್ತಾಳೆ ಬಣ್ಣದ ಮಿನುಗು ಕಾಣುತ್ತಿತ್ತು. ನಿಕ್ಕಲ್, ತಾಮ್ರ, ಕಬ್ಬಿಣ ಗಂಧಕದ ಜೊತೆ ಸೇರಿ ಆದ ಸಲ್ಫೈಡ್ ಅದು. ಕಂಪನಿಗೆ ಬೇಕಾದದ್ದು ಅದೊಂದೇ. ಸೀಳುವಾಗ ಗೀರಿದ ಬೆಂಕಿಕಡ್ಡಿಯ ವಾಸನೆ ಬರುತ್ತಿತ್ತು.

ಅದಕ್ಕೊಂದು ಕೆಟ್ಟ ಗುಣ. ಗಾಳಿ, ತೇವ ತಾಗಿದರೆ ತುಕ್ಕು ಹಿಡಿದು ಹಾಳಾಗುತ್ತದೆ. ಹಾಗಾಗಿ ಮಳೆಗೆ ಮುಂಚೆ ಮೇಷ್ಟ್ರು, "ಚೀಲ, ತಟ್ಟೆ ಎಲ್ಲ ಆ ಕಬ್ಬಿಣದ ಕಂಟೇನರಿಗೆ ಹಾಕಿ ಭದ್ರವಾಗಿ ಮುಚ್ಚಿಬಿಡಮ್ಮ. ತುಕ್ಕು ಬಂದ್ರೆ ನನ್ನ ತಲೆ ಹೋಗುತ್ತೆ" ಅಂದಿದ್ದರು. ಬೈಸಿಕೊಳ್ಳುವ ಭಯಕ್ಕೆ ಪುಕ್ಕಲಕ್ಕ ಬಾಗಿಲ ಸಂದಿಗೆಲ್ಲ ರಬ್ಬರ್ ಪಟ್ಟಿ ಒತ್ತಿದಳು. ಸಾಲದು ಅನ್ನಿಸಿ ಗಾಳಿಕಿಂಡಿಗಳಿಗೂ ಟೇಪು ಹಚ್ಚಿದಳು. ಗರಗಸಕ್ಕೆ ಬಿಡುವ ನೀರಿನಿಂದ ಪುಡಿಯ ಚೀಲಗಳು ಇನ್ನೂ ಹಸಿಯಾಗಿದ್ದವು. ಅದು ಯಾರ ಗಮನಕ್ಕೂ ಬರಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ತಟ್ಟೆ ಬೇಕಾಯಿತು. ತಂಗಿ ಬಾಗಿಲನ್ನು ತಾನು ನುಸುಳುವಷ್ಟು ತೆರೆದಳು. ಒಳಗೆ ಕತ್ತಲು. ಪುಕ್ಕಲಕ್ಕ ಹೊಸ್ತಿಲಲ್ಲೇ ನಿಂತಳು.

"ಸ್ವಲ್ಪ ಹೊತ್ತು ತೆರೆದಿಟ್ಟು ಹೋಗೇ."

"ಒಳಗೆ ದೆವ್ವ ಇದ್ರೆ ನಿನ್ನ ವಿಳಾಸ ಕೊಟ್ಟು ಬರ್ತೀನಿ ಬಿಡು."

ತಂಗಿ ನಗುತ್ತಲೇ ಒಳಗೆ ನಡೆದಳು. ಅರ್ಧ ದೂರ ಹೋಗಿ ಬಗ್ಗಿದಳು. ಏನೋ ಹೇಳುವವಳ ಹಾಗೆ ಇತ್ತ ತಿರುಗಿ, ಮಂಡಿ ಮಡಿಸಿ ಕುಸಿದಳು. ಒಂದು ಕೂಗಿಲ್ಲ, ಕೆಮ್ಮಿಲ್ಲ.

"ಆಟ ಸಾಕು, ಎದ್ದೇಳು" ಎಂದಳು ಪುಕ್ಕಲಕ್ಕ. ತಂಗಿ ಏಳಲಿಲ್ಲ.

ತಾನು ಎತ್ತಿ ಆಡಿಸಿದ ತಂಗಿ ಕಣ್ಣೆದುರಿಗೇ ಬಿದ್ದಿದ್ದಾಳೆ, ಓಡಿ ಹೋಗಿ ಎತ್ತಿಕೊಳ್ಳಬೇಕು. ಆದರೆ ಹೊಸ್ತಿಲಲ್ಲಿ ಹೆಜ್ಜೆ ಕಿತ್ತಿಡಲಾಗಲಿಲ್ಲ. ಆ ಕತ್ತಲು ತನ್ನನ್ನೂ ನುಂಗುತ್ತದೆ ಎಂಬ ಭಯ ಅವಳನ್ನು ಅಲ್ಲೇ ಹಿಡಿದು ನಿಲ್ಲಿಸಿತು. ಬಾಯಿಯಿಂದ ಬಂದದ್ದು ಮಾತಲ್ಲ, ಬರೀ ಚೀರಾಟ.

ಅದನ್ನು ಕೇಳಿ ಓಡಿಬಂದ ಮೇಷ್ಟ್ರು ನೇರ ಒಳಗೆ ನುಗ್ಗುವವರಿದ್ದರು. ಪುಕ್ಕಲಕ್ಕ ಅವರ ಅಂಗಿಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. "ಬೇಡ ಸಾರ್. ನೀವೂ ಬಿದ್ರೆ ನಾನೊಬ್ಬಳೇ ಏನು ಮಾಡ್ಲಿ?"

ಮೇಷ್ಟ್ರು ತುಕ್ಕಿನ ಕಲೆ ಹತ್ತಿದ ಹಸಿ ಚೀಲಗಳನ್ನು ನೋಡಿದರು, ಟೇಪು ಹಚ್ಚಿದ ಕಿಂಡಿಯನ್ನು ನೋಡಿದರು. "ಒಳಗೆ ಉಸಿರಾಡೋ ಗಾಳಿನೇ ಇಲ್ಲ. ತುಕ್ಕು ಹಿಡೀತಾ ಕಲ್ಲೇ ಎಲ್ಲಾ ತಿಂದುಬಿಟ್ಟಿದೆ."

ಒಳಗಿನ ತಟ್ಟೆ ಎಳೆಯುವ ಉದ್ದನೆಯ ಕೊಕ್ಕೆ ಬಾಗಿಲ ಪಕ್ಕದಲ್ಲೇ ಒರಗಿತ್ತು. ಇಬ್ಬರೂ ಬಾಗಿಲನ್ನು ಪೂರ್ತಿ ತಳ್ಳಿ ತೆರೆದು, ಹೊರಗೇ ನಿಂತು ಕೊಕ್ಕೆ ಚಾಚಿದರು. ಅದು ತಂಗಿಯ ಸೊಂಟಪಟ್ಟಿಗೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಕಲ್ಲು ತುಂಬಿದ ತಟ್ಟೆಯನ್ನು ಎಳೆಯುವ ಹಾಗೆಯೇ ಎಳೆದರು. ಹೊರಗೆ ಬಂದವಳ ತುಟಿ ನೀಲಿಗಟ್ಟಿತ್ತು. ಮೇಷ್ಟ್ರು ಅವಳ ಬಾಯಿಗೆ ಬಾಯಿಟ್ಟು ಊದಿದರು. ಅವಳು ಕೆಮ್ಮುವವರೆಗೆ ಪುಕ್ಕಲಕ್ಕನಿಗೆ ತಾನೂ ಉಸಿರಾಡಿದ ನೆನಪಿಲ್ಲ.

ತಂಗಿ ಆಸ್ಪತ್ರೆಯಿಂದ ಮನೆಗೆ ಬಂದಳು. ಒಳಗೆ ಹೋಗದೆ ಕೊಕ್ಕೆ ಹಾಕಿದ ಜಾಣೆ ಎಂದು ಶೆಡ್ಡಿನವರೆಲ್ಲ ಪುಕ್ಕಲಕ್ಕನ ಬೆನ್ನು ತಟ್ಟಿದರು. ಅವಳಿಗೆ ಆ ಹೊಗಳಿಕೆ ಕೇಳಿದರೆ ಮೈಮೇಲೆ ಹುಳು ಹರಿದ ಹಾಗಾಗುತ್ತಿತ್ತು. ಕೊನೆಗೆ ತಡೆಯಲಾರದೆ ಅಡುಗೆಮನೆಯಲ್ಲಿ ತಂಗಿಯೆದುರು ಹೇಳಿಬಿಟ್ಟಳು.

"ಜಾಣತನ ಅಲ್ಲ ಕಣೇ ಅದು. ಹೆದರಿಕೆ. ನೀನು ಸಾಯ್ತಿದ್ದೆ, ನಾನು ಹೆದರ್ಕೊಂಡು ನಿಂತಿದ್ದೆ. ಆ ಟೇಪು ಹಚ್ಚಿದ್ದೂ ನಾನೇ, ಅದೂ ಹೆದರಿಕೆಗೇ."

ಈಗ ನಗುತ್ತಾಳೆ, ಇಲ್ಲ ಬೈಯುತ್ತಾಳೆ ಎಂದು ಪುಕ್ಕಲಕ್ಕ ಕಾದಳು. ತಂಗಿ ಎರಡೂ ಮಾಡಲಿಲ್ಲ. ಸ್ನಾನಕ್ಕೆಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿನ ತನಕ ಹೋಗಿ ಅಲ್ಲೇ ನಿಂತಳು. ಕದವನ್ನು ಅರ್ಧ ಎಳೆದು, ಮತ್ತೆ ಪೂರ್ತಿ ತೆರೆದಳು.

"ಅಕ್ಕಾ, ಕದ ಹಾಕಲ್ಲ. ನೀನು ಇಲ್ಲೇ ಹೊರಗೆ ಕೂತಿರ್ತೀಯಾ?"

ಪುಕ್ಕಲಕ್ಕ ಮಣೆ ಎಳೆದುಕೊಂಡು ಬಂದು ಬಾಗಿಲಿಗೆ ಅಡ್ಡ ಕೂತಳು.