ಗೋದಾಬಾಯಿಯ ಫಿಯಾಟಿಗೆ ಹೊಸ ರಿಲೇ

ಮಡಗಾಂವಿನ ಒಂದು ಹೈಯರ್ ಸೆಕೆಂಡರಿ ಶಾಲೆಯ ಫಿಸಿಕ್ಸ್ ಲ್ಯಾಬಿನಲ್ಲಿ ಮೃದುಲಾ ಅಂತ ಒಬ್ಬ ಸಹಾಯಕಿ ಇದ್ದಳು. ಅವಳ ಕೈಗೆ ಬಂದ ಯಾವ ಕೆಟ್ಟ ಸಾಮಾನೂ ಕೆಟ್ಟೇ ಉಳಿದ ದಾಖಲೆ ಇಲ್ಲ. ಓಣಿಯ ಮಿಕ್ಸರುಗಳು, ಪಕ್ಕದ ಮನೆಯ ಗೀಸರು, ಶಾಲೆಯ ಗಂಟೆ, ಪ್ರಿನ್ಸಿಪಾಲರ ಟೇಬಲ್ ಫ್ಯಾನು, ಎಲ್ಲವೂ ಅವಳ ಸ್ಕ್ರೂಡ್ರೈವರಿನ ರುಚಿ ನೋಡಿದವೇ. ಮದುವೆ ಯಾಕೆ ಆಗಲಿಲ್ಲ ಅಂತ ಧಾರವಾಡದ ನೆಂಟರು ಕೆದಕಿದರೆ, "ವರಗೋಳು ಕೆಟ್ಟು ಬಂದಿದ್ರ ರಿಪೇರಿ ಮಾಡಿ ಇಟ್ಕೋತಿದ್ದೆ. ಬಂದವರೆಲ್ಲಾ ಚಲೋನೇ ಇದ್ರು, ನಾ ಏನ್ ಮಾಡ್ಲಿ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಜೀವವೆಲ್ಲ ಇದ್ದದ್ದು ಅಪ್ಪನ ಫಿಯಾಟಿನಲ್ಲಿ. ಅರವತ್ತನಾಲ್ಕರ ಗಾಡಿ, ಬೆಣ್ಣೆಯ ಬಣ್ಣ, ಬಾಗಿಲು ಹಾಕಿದರೆ ಕಪಾಟು ಮುಚ್ಚಿದಂತೆ ತುಂಬು ಸದ್ದು. ನೌಕರಿ ಹುಡುಕಿ ಗೋವಾಕ್ಕೆ ಬಂದ ಅಪ್ಪ ಅದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡಿದ್ದರು, ಅದರಲ್ಲೇ ಮಗಳಿಗೆ ಡ್ರೈವಿಂಗ್ ಕಲಿಸಿದ್ದರು. ಅವರು ತೀರಿಕೊಂಡ ಮೇಲೆ ಗಾಡಿ ತಾಯಿ ಗೋದಾಬಾಯಿಯ ಹೆಸರಿಗೆ ಆಯಿತು, ಕೀಲಿ ಮಾತ್ರ ಮೃದುಲಾಳ ಕೈಯಲ್ಲಿ ಉಳಿಯಿತು.

2007ರ ಚೌತಿ ಮುಗಿಸಿ ತಾಯಿ ಮಗಳು ಕಾರವಾರದಿಂದ ಮರಳುತ್ತಿದ್ದರು. ಕರ್ಮಲ್ ಘಾಟಿನಲ್ಲಿ ಮಳೆ ಹಿಡಿಯಿತು, ಕತ್ತಲೆಯೂ ಇಳಿಯಿತು. ಫಿಯಾಟಿನ ಹೆಡ್‌ಲೈಟು ಕಾಮಾಲೆ ಬಂದವರ ಕಣ್ಣಿನಂತೆ ಹಳದಿಯಾಗಿ, ಆಮೇಲೆ ಕೆಂಪಾಗಿ, ಒಂದು ತಿರುವಿನಲ್ಲಿ ಪೂರ್ತಿ ಆರಿಹೋಯಿತು. ಡ್ಯಾಶ್‌ಬೋರ್ಡಿನಿಂದ ಸುಟ್ಟ ವಾಸನೆ ಬಂತು, ಅದರ ಹಿಂದೆಯೇ ಹೊಗೆ. ಮೃದುಲಾ ಮುಂದಿದ್ದ ಅದಿರಿನ ಲಾರಿಯ ಕೆಂಪು ದೀಪದ ಬೆನ್ನು ಹಿಡಿದು ಕುಂಕಳ್ಳಿಯವರೆಗೆ ಗಾಡಿ ಇಳಿಸಿದಳು. ಗೋದಾಬಾಯಿ ಇಡೀ ದಾರಿ ರಾಯರ ಸ್ತೋತ್ರ ಹೇಳುತ್ತಲೇ ಇದ್ದರು. ಮನೆ ಮುಟ್ಟಿದ ಮೇಲೆ ಹೇಳಿದ್ದು ಒಂದೇ ಮಾತು.

"ಈ ಗಾಡಿ ಮಾರಿಬಿಡು. ಅವರು ಹೋದ ಮ್ಯಾಲೆ ಇದಕ್ಕ ನಮ್ಮ ಮ್ಯಾಲೆ ಮಾಯಾ ಮಮತಾ ಉಳದಿಲ್ಲ."

"ಅಮ್ಮಾ, ಗಾಡಿಗೆ ಎಲ್ಲಿ ಮಾಯಾ ಇರ್ತದ? ವೈರ್ ಇರ್ತಾವ. ವೈರ್ ಹಳೇವಾಗ್ಯಾವ."

"ನಿನಗ ಎಲ್ಲಾ ವೈರೇ ಕಾಣ್ತಾವ."

ಗೋದಾಬಾಯಿ ಸುಮ್ಮನೆ ಬೆದರಿಸುವ ಪೈಕಿ ಅಲ್ಲ. ಹಳೆಯ ಗಾಡಿಗಳನ್ನು ಕೊಂಡು ಬಿಚ್ಚಿ ಮಾರುವ ಸಾಂಗೆಯ ಅಲ್ಲಾಬಕ್ಷನಿಗೆ ಅವರೇ ಫೋನು ಮಾಡಿಸಿದರು, ಅವನು ಬರುವ ಭಾನುವಾರ ಬರುತ್ತೇನೆಂದ. ಗಾಡಿ ತಾಯಿಯದ್ದು, ಸಹಿ ತಾಯಿಯದ್ದು. ಮೃದುಲಾ ತಾಯಿಯ ಎದುರು ಕೂತು ಒಂದು ಕರಾರು ಇಟ್ಟಳು.

"ಶನಿವಾರ ಸಂಜಿಗೆ ಮತ್ತ ಅದೇ ಘಾಟಿಗೆ ಹೋಗೂಣು. ನೀ ನನ್ನ ಬಾಜೂಕ ಕೂಡು. ದೀಪ ಒಮ್ಮೆ ಮಿಣುಕಿದ್ರೂ ನಾನೇ ಕೀಲಿ ತಗೊಂಡ ಹೋಗಿ ಅಲ್ಲಾಬಕ್ಷನ ಕೈಯಾಗ ಇಡ್ತೀನಿ."

"ನಾ ಕೂಡಂಗಿಲ್ಲ."

"ಶನಿವಾರ ಹೇಳು," ಎಂದು ಮೃದುಲಾ ಎದ್ದು ಹೋದಳು. ಮರುದಿನವೇ ರಜೆ ಹಾಕಿದಳು.

ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಹಳೆಯ ಗಾಡಿಯಲ್ಲಿ ಹೆಡ್‌ಲೈಟಿಗೆ ಬೇಕಾದ ಅಷ್ಟೂ ಕರೆಂಟು ಬ್ಯಾಟರಿಯಿಂದ ಒಳಗೆ ಬಂದು, ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನಲ್ಲಿ ನುಸುಳಿ, ಮತ್ತೆ ಮುಂದಿನ ದೀಪದವರೆಗೆ ಓಡಬೇಕು. ಮುದಿ ಸ್ವಿಚ್ಚು ಅಷ್ಟು ಭಾರ ಹೊತ್ತೂ ಹೊತ್ತೂ ಸುಡುತ್ತದೆ. ನಡುವೆ ಒಂದು ರಿಲೇ ಕೂಡಿಸಿದರೆ ಸ್ವಿಚ್ಚು ಬರೀ ಸನ್ನೆ ಮಾಡಿದರೆ ಸಾಕು, ಭಾರ ಹೊರುವ ಕೆಲಸ ಬಾನೆಟ್ಟಿನ ಕೆಳಗಿರುವ ಆ ಬೆಂಕಿಪೊಟ್ಟಣದಷ್ಟು ಡಬ್ಬಿಯದ್ದು. ಜೊತೆಗೆ ದಪ್ಪ ವೈರು, ಪ್ರತಿ ದೀಪಕ್ಕೆ ಬೇರೆ ಬೇರೆ ಹೊಸ ಫ್ಯೂಸು.

ಅವಳು ಗಾಡಿ ಒಯ್ದದ್ದು ಮೋತಿ ಡೊಂಗರ್ ಗುಡ್ಡದ ಕೆಳಗಿರುವ ನಿಯಾಜನ ಅಂಗಡಿಗೆ. ವಿಜಯಪುರದ ಕಡೆಯವನು, ವಾಹನಗಳ ವೈರಿಂಗ್ ಕೆಲಸ, ಅಪ್ಪನ ಕಾಲದಿಂದ ಫಿಯಾಟಿನ ಪರಿಚಯ. ಮೃದುಲಾ ಹಳೆಯ ಫ್ಯೂಸ್‌ಬಾಕ್ಸಿನ ಮುಚ್ಚಳ ತೆಗೆದು ಒಂದು ಫ್ಯೂಸನ್ನು ಬೆರಳಲ್ಲಿ ಎತ್ತಿ ಹಿಡಿದಳು. ಅದಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿತ್ತು.

"ಇದು ಯಾರ ಕರಾಮತ್ತು, ನಿಯಾಜ?"

"ನಮ್ದೇ ರೀ ಟೀಚರಬಾಯಿ. ನಿಮ್ಮ ತಂದಿಯವರು ಕಡೀಕ ಬಂದಾಗ ಫ್ಯೂಸ್ ಸ್ಟಾಕ್ ಇರಲಿಲ್ಲ. ನಾಕ ದಿನದ ಮಟ್ಟಿಗೆ ಅಂತ ಸುತ್ತಿದ್ದೆ."

"ನಾಕ ವರ್ಷ ನಡದದ."

"ನೋಡ್ರಿ ಮತ್ತ, ಎಷ್ಟ ಗಟ್ಟಿ ಕೆಲಸ ಮಾಡೇನಿ," ಎಂದ ನಿಯಾಜ, ನಾಚಿಕೆಯಿಂದ ಕತ್ತು ತುರಿಸಿಕೊಳ್ಳುತ್ತ.

ಮೃದುಲಾ ನಕ್ಷೆ ಬರೆದಳು, ನಿಯಾಜ ಅದರ ಪ್ರಕಾರ ವೈರು ಎಳೆದ. ಎಲ್ಲಿ ಜಾಯಿಂಟ್ ಬೇಕು, ಎಲ್ಲಿ ಬೇಡ ಅಂತ ಇಬ್ಬರೂ ಗಿಳಿಗಳ ಹಾಗೆ ಜಗಳಾಡಿದರು. ಅವಳು ಬೆಸುಗೆ ಹಾಕಬೇಕೆಂದರೆ, ಓಡುವ ಗಾಡಿಯ ಅದುರಾಟಕ್ಕೆ ಬೆಸುಗೆ ಮುರಿಯುತ್ತದೆ, ಒತ್ತಿ ಕೂಡಿಸಬೇಕು ಅಂತ ಅವನು. ಒಮ್ಮೆ ಅವಳು ಸೋತಳು, ಒಮ್ಮೆ ಅವನು. ಕೊನೆಗೆ ರಿಲೇಗಳು ಸಾಲಾಗಿ ಕೂತವು, ಫ್ಯೂಸುಗಳು ಕೂತವು, ಬ್ಯಾಟರಿ ಜೋಡಿಸಿದರು. ಮೃದುಲಾ ಸ್ವಿಚ್ಚು ಎಳೆದಳು. ರಿಲೇ ಟಕ್ ಅಂತು. ಎಂಥ ಮುದ್ದಾದ ಟಕ್ಕು ಅದು. ಆದರೆ ದೀಪ ಹಳದಿಯೇ.

"ಬಲ್ಬ್ ಹೋಗ್ಯಾವ್ರಿ," ಎಂದ ನಿಯಾಜ.

ಹೊಸ ಬಲ್ಬು ಹಾಕಿದರು. ಹಳದಿಯೇ.

"ಇದಕ್ಕ ವಯಸ್ಸಾಗೇದ್ರಿ. ನಮ್ಮ ಅಜ್ಜನ ಕಣ್ಣಿಗೆ ನೀವು ಎಂಥಾ ಚಾಳೀಸ್ ಹಾಕಿದ್ರೂ..."

"ನಿಮ್ಮ ಅಜ್ಜನ್ನ ಮನ್ಯಾಗ ಬಿಟ್ಟು ಬಾ. ಆ ಮೀಟರ್ ಕೊಡಿಲ್ಲೆ."

ಮೀಟರು ಅವಳದೇ, ಸೂಜಿ ಓಡುವ ಹಳೆಯ ವೋಲ್ಟ್‌ಮೀಟರು. ದೀಪಕ್ಕೆ ಬರುವ ದಾರಿಯಲ್ಲಿ ಹಿಡಿದಳು: ಪೂರ್ತಿ ಕರೆಂಟು ಇದೆ. ಹೊಸ ವೈರು ತನ್ನ ಕೆಲಸ ಮಾಡುತ್ತಿದೆ. ಹಾಗಾದರೆ ಕರೆಂಟು ದೀಪದಿಂದ ವಾಪಸ್ ಹೋಗುವ ದಾರಿ? ಗಾಡಿಯ ಮೈಯೇ ಆ ದಾರಿ. ಎರಡೂ ದೀಪಗಳ ಕಪ್ಪು ವೈರು ಬಾನೆಟ್ಟಿನ ಕೆಳಗೆ ಮಡ್‌ಗಾರ್ಡಿನ ಒಂದು ಹಿತ್ತಾಳೆಯ ಬೋಲ್ಟಿಗೆ ಕೂಡಿ, ಅಲ್ಲಿಂದ ಮೈಗೆ ಇಳಿಯುತ್ತದೆ. ಆ ವೈರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮೀಟರು ಹಿಡಿದಳು. ಸೊನ್ನೆಯಲ್ಲಿ ನಿಲ್ಲಬೇಕಾದ ಸೂಜಿ ಎದ್ದು ನಿಂತಿತು. ಅವಳಿಗೆ ಕುಣಿಯಬೇಕು ಅನ್ನಿಸಿತು. ತಪ್ಪು ಅಲ್ಲೇ ಇತ್ತು, ಆ ಬೋಲ್ಟಿನಲ್ಲಿ.

ಬಗ್ಗಿ ಟಾರ್ಚ್ ಹಾಕಿದಳು. ಬೋಲ್ಟೇ ಕಾಣಲಿಲ್ಲ. ಕುಂಕುಮ, ಅರಿಶಿನ, ಗಂಧ, ಅದರ ಮೇಲೆ ಎಣ್ಣೆ, ಅದರ ಮೇಲೆ ಮತ್ತೆ ಕುಂಕುಮ, ಕಾಯಿನೀರು ಹರಿದು ಹಸಿರುಗಟ್ಟಿದ ಕಿಲುಬು. ಪ್ರತಿ ಖಂಡೇನವಮಿಗೆ ಬಾನೆಟ್ ಎತ್ತಿಸಿ ಗೋದಾಬಾಯಿ ಪೂಜೆ ಮಾಡುತ್ತಿದ್ದದ್ದು ಆ ದುಂಡು ಹಿತ್ತಾಳೆಗೇ. ಇಂಜಿನ್ನಿನಲ್ಲಿ ದೇವರಂತೆ ಕಾಣುವುದು ಅದೊಂದೇ ಅಂತ ಅವರ ನಂಬಿಕೆ.

"ಆದ್ರ ಅಮ್ಮ ಮೊದಲಿಂದಾನೂ ಹಚ್ಚತಾಳ," ಎಂದಳು ಮೃದುಲಾ. "ಅಪ್ಪ ಇದ್ದಾಗ ಯಾಕ ಏನೂ ಆಗ್ಲಿಲ್ಲ?"

ನಿಯಾಜ ಕೈ ಒರೆಸುತ್ತ ನಿಂತ. ಹೇಳಲೋ ಬೇಡವೋ ಎನ್ನುವಂತೆ ಒಮ್ಮೆ ರಸ್ತೆ ನೋಡಿದ.

"ಸಾಹೇಬ್ರು ವರ್ಷಾ ದಸರಾ ಆದ ಮರುದಿನ ಇಲ್ಲಿ ಬರ್ತಿದ್ರು. ನಿಯಾಜ, ಬೋಲ್ಟ್ ಬಿಚ್ಚಿ ಉಪ್ಪುಕಾಗದ ಹಾಕಿ ತಿಕ್ಕು, ಮನ್ಯಾಗ ಗೊತ್ತಾಗಬಾರದು ಅಂತಿದ್ರು. ಅವರು ಹೋದ ಮ್ಯಾಲೆ ನೀವು ಬರವೊಲ್ರಿ, ನಾ ಹೆಂಗ ಕರೀಲಿ? ನಿಮ್ಮ ತಾಯಾರ ಪೂಜಿ ಒರಸ್ತೀನಿ ಬರ್ರಿ ಅನ್ನಲೇನು?"

ಮೃದುಲಾಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಅವಳೇ ಬೋಲ್ಟು ಬಿಚ್ಚಿದಳು, ಲೋಹ ಹೊಳೆಯುವವರೆಗೆ ತಿಕ್ಕಿದಳು, ಬಿಗಿದಳು. ಸ್ವಿಚ್ಚು ಎಳೆದಾಗ ಎದುರಿನ ಅಂಗಡಿಯ ಮುದುಕ ಮುಖಕ್ಕೆ ಕೈ ಅಡ್ಡ ಹಿಡಿದು ಬೈದ. ಅಷ್ಟು ಬೆಳ್ಳಗೆ ಹೊತ್ತಿತ್ತು.

ಇನ್ನು ಉಳಿದದ್ದು ತಾಯಿ. ಸುಳ್ಳು ಹೇಳಬಹುದಿತ್ತು, ಬರೀ ರಿಲೇಯ ಕಥೆ ಹೇಳಿ ಮುಗಿಸಬಹುದಿತ್ತು. ಆದರೆ ದಸರಾ ಮತ್ತೆ ಬರುತ್ತದೆ. ಮೃದುಲಾ ಅಡಿಗೆಮನೆಯಲ್ಲಿ ತಾಯಿಯ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಪ್ಪನ ಉಪ್ಪುಕಾಗದವನ್ನೂ ಸೇರಿಸಿ.

ಗೋದಾಬಾಯಿ ಹೆಚ್ಚುತ್ತಿದ್ದ ಬೆಂಡೆಕಾಯಿ ಅಲ್ಲೇ ಬಿಟ್ಟರು.

"ಅಷ್ಟು ವರ್ಷ?"

"ಹೂಂ."

"ನನಗ ಒಂದ ಮಾತು ಹೇಳಿದ್ರ ನಾನೇ ಒರಸ್ತಿದ್ನಲ್ಲ. ಹಚ್ಚಿದ್ದನ್ನ ಒರಸೂದು ನನಗೇನ್ ಬರೂದಿಲ್ಲೇನು? ಪಾಪ, ನನಗ ಹೆದರಿ ಆ ಹುಡುಗನ ಅಂಗಡಿತನಾ ಹೋಗ್ತಿದ್ರು." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಇನ್ನ ಮ್ಯಾಲೆ ಸ್ಟಿಯರಿಂಗಿಗೆ ಹಚ್ಚತೀನಿ. ಅದಕ್ಕೇನೂ ಕರೆಂಟ್ ಇಲ್ಲಲ್ಲ?"

"ಹಾರ್ನ್ ಅದ. ಬಾನೆಟ್ಟಿನ ಮ್ಯಾಲೆ ಹಚ್ಚು."

ಆದರೂ ಘಾಟಿಗೆ ಬರುತ್ತೇನೆ ಎಂದು ಅವರು ಹೇಳಲಿಲ್ಲ. ಶನಿವಾರ ಮಧ್ಯಾಹ್ನದಿಂದ ಮಳೆ ಜಡಿಯುತ್ತಿತ್ತು. ಇಳಿಹೊತ್ತಿನಲ್ಲಿ ಮೃದುಲಾ ಒಬ್ಬಳೇ ಗಾಡಿ ಹೊರಗೆ ತೆಗೆದು, ಒಬ್ಬಳೇ ಆದರೂ ಹೋಗಿಯೇ ಬರುವುದು ಎಂದು ಗೇರು ಹಾಕಿದಳು. ಬಲಗಡೆಯಿಂದ ಕೊಡೆ ಬಂತು, ಕೊಡೆಯ ಹಿಂದೆ ಗೋದಾಬಾಯಿ ಬಂದರು. ಗಾಡಿ ಸುತ್ತಿ ಬಂದು ಮುಂದಿನ ಸೀಟಿನಲ್ಲಿ ಕೂತು, ಬಾಗಿಲು ಎಳೆದುಕೊಂಡು, ಕೈಚೀಲವನ್ನು ಎದೆಗೆ ಅವಚಿಕೊಂಡರು.

ಕುಂಕಳ್ಳಿ ದಾಟಿತು, ಬಾಳ್ಳಿ ದಾಟಿತು, ಗಾಡಿ ಘಾಟಿ ಹತ್ತಿತು. ವೈಪರು, ದೀಪ, ಹಾರ್ನು, ಮೂರೂ ಒಟ್ಟಿಗೆ ನಡೆದರೂ ಬೆಳಕು ಕುಗ್ಗಲಿಲ್ಲ. ಮಳೆಯ ಎಳೆಗಳು, ರಸ್ತೆಯ ಅಂಚಿನ ಕಲ್ಲುಗಳು, ತಿರುವಿನ ಕಾಡು, ಎಲ್ಲ ಬೆಳ್ಳಗೆ ಎದ್ದು ಬಂದವು. ದೀಪ ಆರಿದ್ದ ಆ ತಿರುವು ಬಂದಾಗ ಗೋದಾಬಾಯಿಯ ತುಟಿ ಅಲುಗತೊಡಗಿದವು. ತಿರುವು ಹಿಂದೆ ಬಿತ್ತು. ತುಟಿ ನಿಂತವು. ಎದುರಿನಿಂದ ಲಾರಿಯೊಂದು ಬಂದು ಸಿಟ್ಟಿನಿಂದ ದೀಪ ಮಿಣುಕಿಸಿತು.

"ಡಿಪ್ ಮಾಡು. ಪಾಪ, ಅವನ ಕಣ್ಣು ಕುಕ್ಕಲಿಕ್ಕತ್ತಾವ."

ಮೃದುಲಾ ಡಿಪ್ ಮಾಡಿದಳು. ಲಾರಿ ಹಾದುಹೋಯಿತು. ಅವಳಿಗೆ ಕೇಳದೆ ಇರಲಾಗಲಿಲ್ಲ. "ಮತ್ತ ನಾಳೆ ಅಲ್ಲಾಬಕ್ಷ ಬರ್ತಾನಲ್ಲ, ಅಮ್ಮಾ?"

"ಬರ್ಲಿ. ಅವನ ಕೂಡ ನಾ ಮಾತಾಡ್ತೀನಿ," ಎಂದರು ಗೋದಾಬಾಯಿ. "ನೀ ರಸ್ತಾ ನೋಡಿ ಹೊಡಿ."